ಆಲ್ಸಿಡ್ ಬಾಳೆ ನೆಡದಂತೆ ಊರು ತಡೆದದ್ದು

ನಮ್ಮ ಡೊಮಿನಿಕಾ ದ್ವೀಪದಲ್ಲಿ ಮುಂದೆ ಯಾವ ಬೆಳೆಯ ಬೆಲೆ ಕುಸಿಯುತ್ತದೆಂದು ತಿಳಿಯಲು ನಮ್ಮೂರಿನವರು ಪತ್ರಿಕೆ ಓದುತ್ತಿರಲಿಲ್ಲ. ಆಲ್ಸಿಡ್ ಟೂಸೆ ಏನು ನೆಡುತ್ತಿದ್ದಾನೆಂದು ಬೇಲಿಯಾಚೆಯಿಂದ ಇಣುಕುತ್ತಿದ್ದರು.

ಹರೆಯದಲ್ಲಿ ಅವನು ಅಪ್ಪನ ಕೋಕೋ ಮರಗಳನ್ನು ಕಡಿದು ನಿಂಬೆ ಹಾಕಿದ. ಗಿಡ ಕಾಯಿ ಕಚ್ಚುವ ಹೊತ್ತಿಗೆ ರೋಗ ಬಂದು ಚಿಗುರೆಲ್ಲ ಒಣಗಿ, ಸುತ್ತಲಿನ ನಿಂಬೆ ತೋಟಗಳೇ ಹಾಳಾದವು. ಮುಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ವೆನಿಲ್ಲಾಕ್ಕೆ ಬಂಗಾರದ ಬೆಲೆ ಬಂತು. ಎಲ್ಲರೂ ಬಳ್ಳಿ ಹಬ್ಬಿಸಿದರು. ಆಲ್ಸಿಡ್ ವರ್ಷಗಟ್ಟಲೆ ಯೋಚಿಸಿ ಹಬ್ಬಿಸಿದ. ಅವನು ಮೊದಲ ಹೂವಿಗೆ ಕಡ್ಡಿಯಿಂದ ಪರಾಗ ಮುಟ್ಟಿಸಿದ ವಾರವೇ ಯುದ್ಧ ಮುಗಿಯಿತು, ಬೆಲೆ ನೆಲಕಚ್ಚಿತು. ಯುದ್ಧ ನಿಂತದ್ದು ಅವನಿಂದಲೇ ಎಂದು ನಂಬಿದ ಮುದುಕರು ಈಗಲೂ ಇದ್ದಾರೆ.

ಆಮೇಲೆ ಬಾಳೆಯ ಕಾಲ. ಇಂಗ್ಲೆಂಡಿನ ಹಡಗು ಬಂದು ಗೊನೆ ಒಯ್ಯತೊಡಗಿತು. ಒಂದು ಬೆಳಿಗ್ಗೆ ಆಲ್ಸಿಡ್ ಕತ್ತೆಯ ಮೇಲೆ ಬಾಳೆಕಂದು ಹೇರಿಕೊಂಡು ಬರುವುದನ್ನು ಅಂಗಡಿಯ ಜೆಲ್ಮಾ ಕಂಡಳು. ಮಧ್ಯಾಹ್ನದೊಳಗೆ ಅರ್ಧ ಊರು ಅವನ ಅಂಗಳದಲ್ಲಿತ್ತು.

"ಆಲ್ಸಿಡಣ್ಣಾ, ನಿನ್ ಕಾಲಿಗ್ ಬೀಳ್ತೀನಿ, ಬಾಳೆ ಒಂದು ಬಿಟ್ಬಿಡು," ಎಂದಳು ಜೆಲ್ಮಾ.

"ನನ್ ನೆಲ, ನನ್ ಕಂದು! ನಿಮ್ಗ್ಯಾಕ್ರೋ ಹೊಟ್ಟೆಕಿಚ್ಚು?"

"ನಿಂಬೆ ಹೋಯ್ತು, ವೆನಿಲ್ಲಾ ಹೋಯ್ತು. ಇದನ್ನಾದ್ರೂ ಉಳ್ಸಪ್ಪಾ!"

ಆಲ್ಸಿಡ್ ಮಚ್ಚು ಹಿಡಿದು ನಿಂತ. ಮೆಟ್ಟಿಲ ಮೇಲೆ ತೊಗರಿಕಾಯಿ ಸುಲಿಯುತ್ತಿದ್ದ ಅವನ ಹೆಂಡತಿ ಫೆಲಿಸ್ತೀನ್ ತಲೆಯೆತ್ತದೆ ಕೇಳಿದಳು: "ಬಾಳೆ ಹಾಕ್ದೇ ಇದ್ರೆ ನಮ್ಗೇನ್ ಕೊಡ್ತೀರಿ?"

ಚೌಕಾಸಿ ಸಂಜೆಯವರೆಗೂ ನಡೆಯಿತು. ಅವನು ಕೆಸುವಿನ ಗೆಡ್ಡೆ ಬೆಳೆಯುವುದು, ಊರು ಅವನಿಗೊಂದು ಹೆಣ್ಣುಹಂದಿ ಕೊಡುವುದು ಎಂದಾಯಿತು. ಕೆಸುವನ್ನು ಯಾವ ಹಡಗೂ ಕೇಳುತ್ತಿರಲಿಲ್ಲ. ಕುಸಿಯಲು ಅದಕ್ಕೆ ಬೆಲೆಯೇ ಇರಲಿಲ್ಲ. ಅವಮಾನಗೊಂಡ ಆಲ್ಸಿಡ್ ಬಹಳ ಕಾಲ ಹಂದಿಯ ಜೊತೆ ಮಾತ್ರ ಮಾತಾಡಿದ.

ಮರುವರ್ಷ ಬಿರುಗಾಳಿ ಬೀಸಿ ಊರಿನ ಬಾಳೆಯೆಲ್ಲ ಮಲಗಿತು. ರಸ್ತೆ ಕುಸಿದು ಪಟ್ಟಣದಿಂದ ಅಕ್ಕಿ, ಹಿಟ್ಟು ಬರುವುದೂ ನಿಂತಿತು. ಊರು ಮತ್ತೆ ಆಲ್ಸಿಡನ ಅಂಗಳಕ್ಕೆ ಬಂತು, ಈ ಸಲ ಬುಟ್ಟಿ ಹಿಡಿದು. ಅವನು ಬೈಯುತ್ತಲೇ ಗೆಡ್ಡೆ ಅಗೆದು ಎಲ್ಲರಿಗೂ ಹಂಚಿದ.

ಬುಟ್ಟಿ ತುಂಬಿದ ಮೇಲೆ ಜೆಲ್ಮಾ ಕಣ್ಣು ಕಿರಿದು ಮಾಡಿದಳು. "ನಿಜ ಹೇಳು, ಎಲ್ಲಾದ್ರೂ ಬಾಳೆ ನೆಟ್ಟಿದ್ಯಾ?"

ಆಲ್ಸಿಡ್ ಇಲ್ಲವೆಂದು ಆಣೆ ಮಾಡಲು ಬಾಯಿ ತೆರೆದ.

"ಅಡುಗೆಮನೆ ಹಿಂದೆ, ಒಂದೇ ಒಂದು," ಎಂದಳು ಫೆಲಿಸ್ತೀನ್.

"ಅದಕ್ಕೇ!" ಜೆಲ್ಮಾ ಹಣೆ ಚಚ್ಚಿಕೊಂಡಳು.

ಆಲ್ಸಿಡ್ ಎದೆಯುಬ್ಬಿಸಿದ. "ಒಂದ್ ಗಿಡಕ್ಕೇ ಇಷ್ಟ್ ಗಾಳಿ! ತೋಟಾನೇ ಹಾಕಿದ್ದಿದ್ರೆ ದ್ವೀಪಾನೇ ಇರ್ತಿರ್ಲಿಲ್ಲ, ತಿಳ್ಕೊಳ್ಳಿ."

ಆ ವರ್ಷ ಊರಿನವರು ಬಾಳೆಯ ಸಾಲುಗಳ ನಡುವೆ ಕೆಸು ನೆಟ್ಟರು. ಆಲ್ಸಿಡನನ್ನು ಕೇಳಿ ಬೆಳೆ ಹಾಕಿದ್ದು ಅದೇ ಮೊದಲು.