ಹಟ್ಟಿಯ ಬೇವಿನ ಮರದಲ್ಲಿ ಕೋಳಿ ಕೂಗಿತು

ಹೋದ ವಾರ ನನ್ನ ಬ್ಯಾಗಿನಲ್ಲಿ ಕೋಳಿ ಹುಡುಕಿದರು ಕಣ್ರೀ.

ನನ್ನ ಬ್ಯಾಗಿನಲ್ಲಿ! ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಕೇಕು ಕೊಳ್ಳುವ ಮುಂಚೆ ‘ಮೊಟ್ಟೆ ಹಾಕಿದ್ದೀರಾ?’ ಎಂದು ಬೇಕರಿಯವನ ಪ್ರಾಣ ಹಿಂಡುವ ನನ್ನ ಬ್ಯಾಗಿನಲ್ಲಿ! ಸಿಕ್ಕಿದ್ದೇನು? ಒದ್ದೆ ಸಾಕ್ಸು, ಮಂಡಿನೋವಿನ ಮುಲಾಮು, ಅರ್ಧ ಪೊಟ್ಟಣ ಖಾರಾ ಮಂಡಕ್ಕಿ.

ಮೊದಲಿನಿಂದ ಹೇಳುತ್ತೇನೆ. ಐವತ್ತು ದಾಟಿದ ಮೇಲೆ ನನಗೆ ಟ್ರೆಕ್ಕಿಂಗ್ ಹುಚ್ಚು ಹಿಡಿದಿದೆ. (ಹುಚ್ಚು ನನ್ನದು. ಹಿಂದೆ ಬರುವ ಕರ್ಮ ನಮ್ಮ ಯಜಮಾನರದು.) ಚಿತ್ರದುರ್ಗದಲ್ಲೇ ಹುಟ್ಟಿ ಬೆಳೆದವಳು ನಾನು. ಚಂದ್ರವಳ್ಳಿಯ ಆಚೆಗಿನ ಗುಡ್ಡಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೊರತು ಹತ್ತಿರಲಿಲ್ಲ. ಈ ಸಲ ಹತ್ತಿಬಿಟ್ಟೆವು! ಗುಡ್ಡಸಾಲು ಹಿಡಿದು ಹಿರಿಯೂರಿನ ಕಡೆ ಇಳಿಯುವುದು, ಮೂರು ದಿನದ ನಡಿಗೆ. ರಾತ್ರಿ ದಾರಿಯ ಹಟ್ಟಿಗಳಲ್ಲಿ ಹೋಂಸ್ಟೇ.

ಎರಡನೇ ಸಂಜೆ ಪಾಪಕ್ಕನ ಮನೆ ತಲುಪಿದೆವು. ಅದು ದನ ಸಾಕುವ ಮ್ಯಾಸಬೇಡರ ಹಟ್ಟಿ. ಸುತ್ತ ಮುಳ್ಳುಬೇಲಿ, ನಡುವೆ ದೊಡ್ಡ ಬೇವಿನ ಮರ, ಅದರ ಪಕ್ಕ ದೇವರ ಎತ್ತುಗಳ ದೊಡ್ಡಿ. ಈ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಅವು ದೇವರವು. ಹಟ್ಟಿಗೆ ಒಂದು ಕಟ್ಟುಪಾಡು. ಕೋಳಿ ತಿನ್ನುವುದಿರಲಿ, ಕೋಳಿ ಬೇಲಿ ದಾಟಿ ಒಳಗೆ ಬರುವಂತಿಲ್ಲ.

ಪಾಪಕ್ಕ ಮೊದಲು ಬಬ್ಬೂರಿನ ಕೃಷಿ ಫಾರಂಗೆ ಕೂಲಿಗೆ ಹೋಗುತ್ತಿದ್ದವಳು. ಈಗ ಊರೇ ತನ್ನ ಮನೆಗೆ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದಳು. ಆದರೆ ಎತ್ತುಗಳನ್ನು ಕಾಯುವ ಹಿರಿಯ ಪಾಲಯ್ಯನಿಗೆ ಈ ಹೋಂಸ್ಟೇ ಇಷ್ಟವಿರಲಿಲ್ಲವಂತೆ. ಪ್ಯಾಟೆಯವರು ಬಂದರೆ ಅವರ ಹಿಂದೆ ಕೋಳಿಯೂ ಬರುತ್ತದೆ ಎಂದು ಅವನ ವಾದ. ಹಟ್ಟಿಯೊಳಗೆ ಒಂದು ಪುಕ್ಕ ಕಂಡರೂ ಹೋಂಸ್ಟೇ ಬಂದ್. ಈ ಕರಾರಿನ ಮೇಲೆ ಒಪ್ಪಿದ್ದ.

ನಾವು ಎಂಥ ಸೇಫ್ ಗಿರಾಕಿಗಳು ನೋಡಿ! ಪಾಪಕ್ಕ ನಮ್ಮ ಕೊರಳು ನೋಡಿಯೇ ನಿರಾಳವಾದಳು.

ಹಟ್ಟಿಯಲ್ಲಿ ನೆಟ್‌ವರ್ಕ್ ಇಲ್ಲ. ಬೇವಿನ ಮರದ ತುದಿಯಲ್ಲಿ ಮಾತ್ರ ಇದೆ. ಅದಕ್ಕೆ ಕೊಂಬೆಯ ಮೇಲಿಂದ ಹಗ್ಗ ಇಳಿಬಿಟ್ಟು ಒಂದು ಚೀಲ ಕಟ್ಟಿದ್ದಾರೆ. ಮೊಬೈಲು ಚೀಲಕ್ಕೆ ಹಾಕಿ, ಬಾವಿಯಿಂದ ನೀರು ಸೇದುವ ಹಾಗೆ ಹಗ್ಗ ಎಳೆದರೆ ಮೊಬೈಲು ಮೇಲಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇಳಿಸಿದರೆ ಮೆಸೇಜು ತುಂಬಿರುತ್ತವೆ. ಯಜಮಾನರು ಖುಷಿಯಾಗಿ ತಮ್ಮ ಮೊಬೈಲು ಏರಿಸಿದರು. ಇಳಿಸುವುದನ್ನು ಮರೆತು ಮಲಗಿದರು.

ಬೆಳಗಿನ ಜಾವ ಕೋಳಿ ಕೂಗಿತು. ನಾನು ಮಗ್ಗಲು ಬದಲಿಸಿದೆ. ಕೋಳಿ ಕೂಗುತ್ತದೆ, ಬೆಳಗಾಗುತ್ತದೆ, ಅದರಲ್ಲೇನು ವಿಶೇಷ?

ವಿಶೇಷವೇ ಆಯಿತು. ಹೊರಗೆ ಗದ್ದಲವೋ ಗದ್ದಲ. ಕೋಲು ಹಿಡಿದವರು, ಬ್ಯಾಟರಿ ಹಿಡಿದವರು, ಬುಟ್ಟಿಗಳನ್ನು ಮಗುಚಿ ನೋಡುವವರು. ಹೆಂಗಸರಿಬ್ಬರು ಒಳಬಂದು, ಬೇಜಾರು ಮಾಡಿಕೊಳ್ಳಬೇಡಿ ಎನ್ನುತ್ತಲೇ ನನ್ನ ಬ್ಯಾಗು ಬಿಚ್ಚಿದರು. ಪಾಪಕ್ಕ ಗೋಡೆಗೆ ಒರಗಿ ನಿಂತಿದ್ದಳು.

ಅಷ್ಟರಲ್ಲಿ ಎರಡನೇ ಕೂಗು. ಬೇವಿನ ಮರದಿಂದ! ಎಲ್ಲರೂ ತಲೆ ಎತ್ತಿದರು. ಕೂಗಿನ ಕೊನೆಗೆ ಒಂದು ‘ಟಿಂಗ್’ ಕೇಳಿಸಿತು ನೋಡಿ, ನನಗೆ ಗೊತ್ತಾಗಿಹೋಯಿತು. ನಮ್ಮನೆ ಕೋಳಿ! ದಿನಾ ನನ್ನ ನಿದ್ದೆ ಕೆಡಿಸುವ ಯಜಮಾನರ ಅಲಾರಂ! ಆ ಪುಣ್ಯಾತ್ಮರು ಮಾತ್ರ ಇನ್ನೂ ಗೊರಕೆ ಹೊಡೆಯುತ್ತಿದ್ದರು.

ಸುಮ್ಮನಿದ್ದರೆ ಕೋಳಿ ಹಾರಿಹೋಯಿತು ಎಂದುಕೊಳ್ಳುತ್ತಾರೆ ಬಿಡು ಎಂದು ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಬೈಸಿಕೊಳ್ಳುವವಳು ಪಾಪಕ್ಕ ಅಲ್ಲವೇ? ಹೋಗಿ ಹಗ್ಗ ಇಳಿಸಿದೆ. ಚೀಲದಿಂದ ಮೊಬೈಲು ತೆಗೆದು ಪಾಲಯ್ಯನ ಮುಂದೆ ಹಿಡಿದೆ. ಅದು ಅವನ ಮುಖಕ್ಕೇ ಮೂರನೇ ಸಲ ಕೂಗಿತು.

ಕಟ್ಟೆಯ ಮೇಲೆ ಪಂಚಾಯ್ತಿ ಶುರುವಾಯಿತು. ಇದು ಕೋಳಿಯೋ ಅಲ್ಲವೋ? ಕೂಗಿದ್ದು ಕೋಳಿಯೇ, ಹಾಗಾಗಿ ಕಟ್ಟುಪಾಡು ಮುರಿಯಿತು ಎಂದರು ಕೆಲವರು. ಪುಕ್ಕ ಎಲ್ಲಿ, ಕಾಲೆಲ್ಲಿ ಎಂದು ಇನ್ನು ಕೆಲವರು. ಆಗ ಪಾಪಕ್ಕ ಬಾಯಿ ಬಿಟ್ಟಳು.

“ಪಾಲಯ್ಯ ಮಾವ, ನಿನ್ ಟೀವಿಯಾಗೆ ದಿನಾ ಕೋಳಿ ಓಡಾಡ್ತಾವೆ. ಸಾರಿನ ಪುಡಿ ಅಡ್ವಟೈಜಿನಾಗೆ ಬೇಯ್ತಾನೂ ಇರ್ತಾವೆ. ಟೀವಿ ಆಚೆ ಹಾಕಿದೀಯೇನು?”

ಎಲ್ಲರೂ ಪಾಲಯ್ಯನನ್ನು ನೋಡಿದರು. ಅವನು ಮೀಸೆ ನೀವಿಕೊಂಡ. ತುಂಬಾ ಹೊತ್ತು ನೀವಿಕೊಂಡ. ಟೀವಿ ಬಿಡುವ ಮನಸ್ಸು ಇರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ತೀರ್ಪು ಬಂತು. ಕೋಳಿಯನ್ನು ಬೇಲಿಯಾಚೆ ಬಿಟ್ಟು ಬರಬೇಕು. ಕಣ್ಣುಜ್ಜಿಕೊಳ್ಳುತ್ತಾ ಎದ್ದ ಯಜಮಾನರು ಮೊಬೈಲು ಹಿಡಿದು ಮುಂದೆ, ಇಡೀ ಹಟ್ಟಿ ಹಿಂದೆ. ಮದುವೆ ದಿಬ್ಬಣದಲ್ಲೂ ಅವರು ಇಷ್ಟು ಗಂಭೀರವಾಗಿ ನಡೆದಿರಲಿಲ್ಲ! ಬೇಲಿ ದಾಟಿ, ಎಲ್ಲರ ಎದುರು ಅಲಾರಂ ಡಿಲೀಟ್ ಮಾಡಿದರು. ಪಾಲಯ್ಯ ಬಗ್ಗಿ ಸ್ಕ್ರೀನು ನೋಡಿ, ಹೋಯಿತಾ ಎಂದು ಎರಡು ಸಲ ಕೇಳಿದ. ಆಮೇಲೆ ತಿರುಗಿದ.

“ಕೋಳಿ ಆಚೆ ಹೋತು. ಪಾಪಕ್ಕ, ನೆಂಟ್ರಿಗೆ ರೊಟ್ಟಿ ಬಡಿ ಹೋಗು.”

ಪಾಪಕ್ಕ ಅಲ್ಲೇ ಕಲ್ಲಿನ ಮೇಲೆ ಕುಳಿತು ನಗತೊಡಗಿದಳು. ನಗುತ್ತಾ ಅತ್ತಳು. ನಾನೂ ನಕ್ಕೆ, ಅತ್ತೆ. ಹಟ್ಟಿಗೆ ಹಟ್ಟಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಂಥ ಖುಷಿ ನನಗೆ ಯಾವ ಟ್ರಿಪ್ಪಿನಲ್ಲೂ ಸಿಕ್ಕಿರಲಿಲ್ಲ.

ಹೊರಡುವಾಗ ಅವಳು ನನ್ನ ಕೈ ಹಿಡಿದುಕೊಂಡಳು. “ದುರ್ಗಕ್ಕೆ ಬಂದಾಗ ನಿಮ್ಮನಿಗೂ ಬರ್ತೀನ್ರಿ. ಏನು ತರಬಾರ್ದು, ಮೊದ್ಲೇ ಹೇಳಿಬಿಡ್ರಿ.”

ಅಂಥದ್ದೇನೂ ಇಲ್ಲ, ಸುಮ್ಮನೆ ಬಾ ಎಂದೆ.

ಮನೆಗೆ ಬಂದು ಗೇಟು ತೆಗೆಯುವಾಗ ಅದರ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು. ‘ನಾಯಿ ಇದೆ, ಎಚ್ಚರಿಕೆ!’ ವರ್ಷಗಳಿಂದ ನೇತಾಡುತ್ತಿದೆ. ನಮ್ಮ ಮನೆಯಲ್ಲಿ ಯಾವತ್ತೂ ನಾಯಿ ಇರಲಿಲ್ಲ. ಕಂಡಕಂಡವರು ಬೆಲ್ ಮಾಡದಿರಲಿ ಎಂದು ಹಾಕಿಸಿದ್ದು.

ಇಲ್ಲದ ಕೋಳಿಯನ್ನು ಆಚೆ ಕಳಿಸಿ ನಮ್ಮನ್ನು ಒಳಗೆ ಉಳಿಸಿಕೊಂಡವಳಿಗೆ, ಈ ಇಲ್ಲದ ನಾಯಿಯ ವಿಷಯ ಏನಂತ ಹೇಳಲಿ?