ಹೆಡ್‌ಫೋನಿನಲ್ಲಿ ಉಳಿದ ಕೂಗು

ನಮ್ಮ ಹೆವಿ ಮೆಟಲ್ ಬ್ಯಾಂಡಿಗೆ ಹಳೇ ಗಾಯಕ ವಾಪಸ್ ಬರುತ್ತಾನೆ, ಎಲ್ಲ ಸೇರಿ ಒಂದು ಆಲ್ಬಂ ಮಾಡೋಣ ಎಂದು ಡ್ರಮ್ಮಿನವನು ಫೋನ್ ಮಾಡಿದಾಗ ನಾನು ಮಂಡ್ಯದ ನನ್ನ ಬೀಜದ ಅಂಗಡಿಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. "ಒಳ್ಳೇದಾಯ್ತು ಬುಡ್ಲಾ" ಅಂದೆ. ಒಳ್ಳೆಯದಾಯಿತು ಎಂದು ನನಗೇನೂ ಅನ್ನಿಸಿರಲಿಲ್ಲ. ಐವತ್ತು ದಾಟಿದ ಮೇಲೆ ಗಿಟಾರು ಕೂಡ ಗೊಬ್ಬರದ ಮೂಟೆಯಷ್ಟೇ ಭಾರ.

ನಾವು ನಾಲ್ವರೂ ಭಾರತೀನಗರದಲ್ಲಿ ಕಾಲೇಜು ಓದುವಾಗ ಸೇರಿದವರು. ಹಗಲೂ ರಾತ್ರಿ ಕಬ್ಬಿನ ಲಾರಿಗಳ ಸದ್ದು ಕೇಳಿಕೊಂಡು ಬೆಳೆದವರಿಗೆ ಹೆವಿ ಮೆಟಲ್ ಗಲಾಟೆ ಅನ್ನಿಸಲೇ ಇಲ್ಲ. ಹಾಡುಗಳನ್ನು ನಮ್ಮ ಮಾತಿನಲ್ಲೇ ಕಟ್ಟಿದೆವು. ಅವುಗಳಲ್ಲಿ ಜನ ಇವತ್ತಿಗೂ ಕೇಳುವುದು ನಾಲೆ ನೀರಿನ ಹಾಡು. ನಮ್ಮ ಕಡೆ ನಾಲೆಗೆ ಸರದಿ ಮೇಲೆ ನೀರು ಬಿಡುತ್ತಾರೆ. ಮೇಲಿನ ತೂಬಿನ ಹತ್ತಿರ ನೀರನ್ನು ಮೊದಲು ಕಂಡವನು "ಬಂತೂ" ಎಂದು ಕೂಗಬೇಕು, ಅದನ್ನು ಕೇಳಿದ ಕೆಳಗಿನ ಗದ್ದೆಯವನು ಮುಂದಿನವನಿಗೆ ಕೂಗಬೇಕು. ಹಾಡಿನ ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು ಆ ಕೂಗೊಂದೇ ಉಳಿಯುತ್ತದೆ. ನಮ್ಮ ಗಾಯಕ ಅದನ್ನು ಎಳೆಯತೊಡಗಿದರೆ ನಾನು ಹದಿನಾರು ಎಣಿಸಿದರೂ ಅವನ ಉಸಿರು ಮುಗಿಯುತ್ತಿರಲಿಲ್ಲ.

ಆಮೇಲೆ ಅವನಿಗೆ ಮಳವಳ್ಳಿ ಕಡೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತು. ಬೆಳಕವಾಡಿಯಲ್ಲಿ ಮನೆ ಮಾಡಿ, ಬ್ಯಾಂಡು ಬಿಟ್ಟ. "ಇನ್ನೊಬ್ಬ ಸಿಗಗಂಟ ನೀನೇ ಕೂಗ್ಲಾ" ಅಂದರು ಉಳಿದವರು. ಇನ್ನೊಬ್ಬ ಸಿಗಲೇ ಇಲ್ಲ. ಹದಿನೆಂಟು ವರ್ಷ ನಾನೇ ಹಾಡಿದೆ. ಕಾಲೇಜಿನ ಕಾರ್ಯಕ್ರಮಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ, ಎಲ್ಲಿ ಹೋದರೂ ಮೊದಲ ಹಾಡು ಮುಗಿಯುವುದರೊಳಗೆ ಒಬ್ಬನಾದರೂ "ಅವ್ನು ಬರ್ನಿಲ್ವಾ?" ಎಂದು ಕೂಗುತ್ತಿದ್ದ. ದಿನಾ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಾನು ಆ ಕೂಗನ್ನು ಅಭ್ಯಾಸ ಮಾಡುತ್ತಿದ್ದೆ. ಹೆಂಡತಿ ಹೊರಗಿನಿಂದ ಬಾಗಿಲು ಬಡಿದು, "ಸಾಕು ಬುಡ್ರಪ್ಪ, ಕೊಟ್ಟಿಗೇಲಿ ಅಸ ಬೆದುರ್ಕತದೆ" ಅನ್ನುತ್ತಿದ್ದಳು. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಮುಚ್ಚಿಟ್ಟು ಏನಾಗಬೇಕು?

ಮದ್ದೂರಿನ ಪಕ್ಕದಲ್ಲಿ ಡ್ರಮ್ಮಿನವನದೊಂದು ಆಲೆಮನೆ ಇದೆ. ಬೆಲ್ಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಗೋಡೆಗೆ ಕಬ್ಬಿನ ಸಿಪ್ಪೆಯ ಹೊರೆಗಳನ್ನು ಒಟ್ಟಿದರೆ ಒಳಗೆ ಸದ್ದು ಮಾರ್ದನಿಸುವುದಿಲ್ಲ. ಅದೇ ನಮ್ಮ ಸ್ಟುಡಿಯೋ. ಕಂಪ್ಯೂಟರಿನ ಕೆಲಸವನ್ನೂ ಅವನೇ ಕಲಿತಿದ್ದ. ಒಂದೇ ಕಷ್ಟ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಶುರುವಾಗಿ ಮೈಕಿನಲ್ಲಿ ಗುಂಯ್ ಅನ್ನುತ್ತಿತ್ತು. ಅಷ್ಟರೊಳಗೆ ಮುಗಿಸಬೇಕು.

ಗಾಯಕ ಬರುವ ಮೊದಲೇ ವಾದ್ಯಗಳನ್ನು ರೆಕಾರ್ಡ್ ಮಾಡಬೇಕಾದರೆ ಯಾರಾದರೂ ಅಂದಾಜಿಗೆ ಒಂದು ಸಲ ಹಾಡಿಡಬೇಕು. ಅದಕ್ಕೆ ಗೈಡ್ ಅನ್ನುತ್ತಾರೆ. ಅಸಲಿ ದನಿ ಬಂದ ಮೇಲೆ ಅದನ್ನು ಅಳಿಸಿಬಿಡುತ್ತಾರೆ. ಎಲ್ಲ ಹಾಡುಗಳಿಗೂ ಗೈಡ್ ಹಾಡಿದವನು ನಾನು. ಅಳಿಸುವುದಕ್ಕೆಂದೇ ಹಾಡುವಾಗ ಹೆದರಿಕೆ ಇರುವುದಿಲ್ಲ. ಅವತ್ತು ನಾಲೆ ಹಾಡಿನ ಕೂಗು ಹದಿನೆಂಟು ವರ್ಷದಲ್ಲಿ ಎಂದೂ ಬರದಷ್ಟು ಚೆನ್ನಾಗಿ ಬಂತು. ಬಂದು ಏನು ಪ್ರಯೋಜನ ಎಂದುಕೊಂಡು ಬೀಡಿ ಹಚ್ಚಿದೆ.

ಗಾಯಕ ಬಂದ ಭಾನುವಾರ, ತನ್ನ ಪಾಲು ನುಡಿಸಿ ಹೋಗಿದ್ದ ಬೇಸ್ ಗಿಟಾರಿನವನನ್ನು ಬಿಟ್ಟರೆ ನಾವೆಲ್ಲ ಇದ್ದೆವು. ಅವನ ಕತ್ತಿಗೆ ಮಫ್ಲರ್ ಇತ್ತು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಇಷ್ಟು ವರ್ಷ ಹಿಂದಿನ ಬೆಂಚಿನವರಿಗೆ ಕೇಳಿಸುವಂತೆ ಬೀಜಗಣಿತ ಹೇಳಿ ಹೇಳಿ ಗಂಟಲು ಸವೆದುಹೋಗಿತ್ತು. ಬೇರೆ ಹಾಡುಗಳನ್ನು ಹೇಗೋ ದಾಟಿಸಿದ. ನಾಲೆ ಹಾಡಿನ ಕೂಗಿಗೆ ಬಂದಾಗ ಮೂರು ಸಲ ದನಿ ಒಡೆಯಿತು. ಮೂರನೆಯ ಸಲ ಕೆಮ್ಮಿ ಗೋಡೆಯ ಕಡೆ ತಿರುಗಿ ನಿಂತ. ನಮ್ಮ ಮುಖ ನೋಡಲಿಲ್ಲ. "ಇದೊಂದು ಬರ್ನಿಲ್ಲ ಅಂದ್ರೆ ನಾನ್ ಬಂದು ಏನ್ ಸುಖ್ವಲಾ" ಅಂದ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಇನ್ನು ಹತ್ತು ನಿಮಿಷಕ್ಕೆ ತ್ರೀ ಫೇಸ್ ಬರುವುದಿತ್ತು. ಸ್ವರ ಹಿಡಿಯಲು ಅನುಕೂಲವಾಗಲಿ ಎಂದು ಡ್ರಮ್ಮಿನವನು ನನ್ನ ಗೈಡನ್ನು ಅವನ ಹೆಡ್‌ಫೋನಿಗೆ ಕೊಟ್ಟ. ಕೂಗು ಬರುವ ಮೊದಲು ಅದರ ಸದ್ದು ಇಳಿಸಬೇಕಿತ್ತು, ಆ ಗಡಿಬಿಡಿಯಲ್ಲಿ ಮರೆತ. ಗಾಯಕ ಕಣ್ಣು ಮುಚ್ಚಿ ಬಾಯಿ ತೆರೆದ. ಹೆಡ್‌ಫೋನಿಲ್ಲದೆ ನಿಂತಿದ್ದ ನಮಗೆ ಕೇಳಿಸಿದ್ದು ಬರೀ ಗಾಳಿ, ತಿದಿ ಒತ್ತಿದ ಹಾಗೆ. ಅವನು ಮಾತ್ರ ಕೊನೆಯವರೆಗೂ ಬಾಯಿ ಮುಚ್ಚಲಿಲ್ಲ. ಮುಗಿದ ಮೇಲೆ ಹೆಡ್‌ಫೋನು ತೆಗೆದವನ ಕಣ್ಣು ಒದ್ದೆಯಾಗಿತ್ತು.

"ಇನ್ನೂವೆ ಅದೆ ಕಣ್ಲಾ! ಓಗ್ಬುಡ್ತು ಅನ್ಕಂಡಿದ್ದೆ, ಇನ್ನೂವೆ ಅದೆ!"

ಅವನ ಕಿವಿಯಲ್ಲಿ ಕೂಗಿದ್ದು ನಾನು. ಅದು ಡ್ರಮ್ಮಿನವನಿಗೂ ಗೊತ್ತಾಗಿ ನನ್ನ ಕಡೆ ನೋಡಿದ.

ಗಾಯಕ ಮಫ್ಲರನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ ಮನೆಗೆ ಫೋನ್ ಮಾಡಿದ. "ಬಂತು ಕಣಮ್ಮಿ, ಪೂರ್ತಿ ಬಂತು" ಎಂದು ಹೆಂಡತಿಗೆ ಹೇಳುವುದು ಒಳಗೇ ಕೇಳಿಸುತ್ತಿತ್ತು. ಡ್ರಮ್ಮಿನವನು ಎರಡು ದನಿಯನ್ನೂ ಬೇರೆ ಬೇರೆ ಮಾಡಿ ನನಗೆ ಕೇಳಿಸಿ, "ಏನ್ಲಾ ಮಾಡದು? ನೀನೇ ಏಳು" ಅಂದ. ನಿಜ ಹೇಳಿಬಿಡೋಣ ಎಂದೇ ನಾನು ಬಾಗಿಲವರೆಗೆ ಹೋದೆ. ಅವನು ಫೋನು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ವಾಪಸ್ ಬಂದೆ.

"ನಂದೇ ಆಕ್ಬುಡು."

"ಎಸ್ರು ಯಾರ್ದು?"

"ಅವನ್ದೇ ಇರ್ಲಿ. ಯಾರ್ಗೂ ಏಳ್ಬ್ಯಾಡ."

ಇದನ್ನು ನಾನು ದೊಡ್ಡತನದಿಂದ ಹೇಳಲಿಲ್ಲ. ಸಾಕಾಗಿತ್ತು. ಅವನ ಜೊತೆ ಇಷ್ಟು ವರ್ಷ ಮನಸ್ಸಿನಲ್ಲೇ ಜಗಳವಾಡಿ, ಗೆಲ್ಲುವ ದಿನ ಬಂದಾಗ ಗೆಲ್ಲುವ ಆಸೆಯೇ ಇರಲಿಲ್ಲ.

ಆಲ್ಬಂ ಹೊರಗೆ ಬಂತು. ಜನ ಮೊಬೈಲಿನಲ್ಲಿ ಕೇಳಿದರು, ಒಬ್ಬರಿಗೊಬ್ಬರು ಕಳಿಸಿಕೊಂಡರು. ಒಬ್ಬ ಹಳೇ ಪೆಂಡಾಲಿನ ಗಿರಾಕಿ ಭತ್ತದ ಬೀಜಕ್ಕೆಂದು ಅಂಗಡಿಗೆ ಬಂದವನು ಹಾಡು ಹಾಕಿ ನನಗೇ ಕೇಳಿಸಿದ. "ಇದಪ್ಪ ಕೂಗು! ನೀವೂ ಇಷ್ಟ್ ವರ್ಸ ಕೂಗುದ್ರಿ, ಒಂದಿನಾನಾದ್ರೂ ಇಂಗ್ ಬಂತಾ?" ಇಲ್ಲ ಅಂದೆ. ಬೀಜ ತೂಗಿ ಕೊಟ್ಟೆ. ಗಾಯಕ ಫೋನ್ ಮಾಡಿ, "ಇನ್ಮ್ಯಾಲೆ ನೀನ್ ಗಂಟ್ಲು ಅರ್ಕಬ್ಯಾಡ ಕಣ್ಲಾ, ಗಿಟಾರ್ ನೋಡ್ಕೊ, ನಾನಿವ್ನಿ" ಅಂದ. ಪಾಪ, ಪ್ರೀತಿಯಿಂದಲೇ ಅಂದ.

ಇದನ್ನೆಲ್ಲ ತಡೆದುಕೊಂಡೆ. ಒಂದು ಸಂಜೆ ಮನೆಗೆ ಹೋದಾಗ ಹೆಂಡತಿ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮಗಳು ಕಳಿಸಿದ್ದ ಹಾಡು ಅವಳ ಫೋನಿನಲ್ಲಿ ಮುಗಿಯುತ್ತಾ ಬಂದಿತ್ತು. ವಾದ್ಯಗಳು ನಿಂತವು, ಕೂಗು ಶುರುವಾಯಿತು. ಅವಳ ಕೈ ನಿಂತಿತು.

"ರೀ, ಇದು ನಿಮ್ ಗಂಟ್ಲಲ್ವಾ?"

ಇಡೀ ಜಿಲ್ಲೆಯಲ್ಲಿ ಕಂಡುಹಿಡಿದವಳು ಅವಳೊಬ್ಬಳು. ಬಚ್ಚಲುಮನೆಯ ಬಾಗಿಲಾಚೆಯಿಂದ ಹದಿನೆಂಟು ವರ್ಷ ಕೇಳಿದವಳು. ಹೌದು ಅಂದರೆ ಅವಳು ನ್ಯಾಯ ಕೇಳಲು ನಾಳೆಯೇ ಬೆಳಕವಾಡಿಗೆ ಬಸ್ಸು ಹತ್ತುವ ಪೈಕಿ.

"ಅಲ್ಲ ಕಣೆ. ಅವನ್ದೇ" ಅಂದೆ.

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಕಾಯಿ ಸುಲಿಯುವುದಕ್ಕೆ ಶುರು ಮಾಡಿದಳು.

"ಅದ್ಕೇ ಅನ್ಕಂಡೆ. ನೀವ್ ಕೂಗುದ್ರೆ ಇಷ್ಟ್ ಚೆನ್ನಾಗಿರಾಕಿಲ್ಲ."

ನಾನು ಅವಳ ಪಕ್ಕದಲ್ಲಿ ಕೂತು ಒಂದು ಹಿಡಿ ಅವರೆಕಾಯಿ ತೆಗೆದುಕೊಂಡೆ.