ಮೈಲುತುತ್ತ ಹಾಕದ ಅಂಟು

ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ಅವಳಿಗೆ ಹೇಳದೆ ಉಳಿಸಿಕೊಂಡ ಒಂದು ಮಾತಿದೆ, ಅದನ್ನು ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮೊದಲಲ್ಲಿ ನಾನು ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಪುಸ್ತಕದ ಬೀರು ನೋಡಿಕೊಳ್ಳುತ್ತಿದ್ದೆ, ಹಂಗಾಮಿಯಾಗಿ. ಚಿಕ್ಕಬಳ್ಳಾಪುರದಲ್ಲಿ ಆರು ವಾರದ ಲೈಬ್ರರಿ ತರಬೇತಿ ಇಟ್ಟರು. ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಮೇಲೂರಿನಲ್ಲಿದ್ದ ಅಕ್ಕನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಕೊನೆಯ ಪರೀಕ್ಷೆಗೆ ಹತ್ತು ಹರಿದ ಪುಸ್ತಕಗಳನ್ನು ಮನೆಯಲ್ಲಿ ನಾವೇ ಕೈಯಾರೆ ಹೊಲಿದು, ರಟ್ಟು ಅಂಟಿಸಿ ತರಬೇಕಿತ್ತು. "ಮೈದಾ ಅಂಟಿಗೆ ಮೈಲುತುತ್ತ ಹಾಕ್ಲಿಲ್ಲಾಂದ್ರೆ ಜಿರಲೆಗೆ ಎಲೆ ಹಾಕಿ ಬಡಿಸ್ದಂಗೆ" ಎಂದರು ತರಬೇತಿಯ ಮೇಷ್ಟ್ರು, ಆ ನೀಲಿ ವಿಷದ ಹರಳು ತೋರಿಸುತ್ತಾ. ಜೊತೆಗೆ ಒಂದು ಪೊಟ್ಟಣ ನುಸಿಗುಳಿಗೆಯನ್ನೂ ಕೊಟ್ಟರು.

ಅಕ್ಕನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದು ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿನ್ನುತ್ತಿದ್ದವು. ಅಕ್ಕ ಬಾಗಿಲಲ್ಲೇ ತಡೆದಳು.

"ಅಲ್ಲೇ ನಿಲ್ಲೇ! ಏನೇ ಅದು ಗಬ್ಬು?"

"ನುಸಿಗುಳಿಗೆ ಅಕ್ಕ. ಪುಸ್ತಕಕ್ಕೆ ಹುಳ ಬೀಳ್ದೇ ಇರೋಕೆ."

"ಹುಳ ಸಾಯ್ಸೋ ವಿದ್ಯೆ ಕಲ್ತು ನನ್ ಮನೆಗೇ ತಂದ್ಯಾ? ಹೋಗು, ತಲೆಗೆ ನೀರ್ ಹಾಕ್ಕೊಂಡು ಬಾ. ನಿನ್ ಪುಸ್ತಕಕ್ಕೂ ಹಾಕು!"

ಪುಸ್ತಕಗಳು ದನದ ಕೊಟ್ಟಿಗೆಗೆ ಹೋದವು. ಹುಳುವಿಗೆ ಸೊಪ್ಪು ಹಾಕಲು ಇದ್ದದ್ದು ನಾವಿಬ್ಬರೇ. ತುತ್ತ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಬೆಳೆಯೇ ಹೋಗುತ್ತದೆ ಎಂದು ಅಕ್ಕ ಆಣೆ ಹಾಕಿಸಿಕೊಂಡಳು. ಬರಿಯ ಮೈದಾ ಅಂಟಿನಲ್ಲೇ ಹತ್ತನ್ನೂ ಮುಗಿಸಿದೆ. ಯಾರು ನೋಡುತ್ತಾರೆ ಎಂದುಕೊಂಡೆ.

ಮೇಷ್ಟ್ರು ಮೊದಲ ಪುಸ್ತಕ ತೆಗೆದವರೇ ಕೇಳಿದರು: "ಅಂಟು ಬೆಳ್ಳಗಿದೆ, ತುತ್ತದ ನೀಲಿ ಎಲ್ಲಿ ಹೋಯ್ತಮ್ಮ?"

"ಮನೇಲಿ ರೇಷ್ಮೆ ಹುಳ ಇದೆ ಸಾರ್. ತುತ್ತ ಮುಟ್ಟಿದ್ರೆ ಸೊಪ್ಪು ಹಾಕೋಂಗಿಲ್ಲ."

ಚಿಂತಾಮಣಿಯಿಂದ ಬಂದಿದ್ದವರೊಬ್ಬರು ಹಿಂದಿನಿಂದ, "ಹೋಗ್ಲಿ ಬಿಡಿ ಸಾರ್, ಜಿರಲೇನೂ ಬಾಳಿ ಬದುಕ್ಲಿ ಪಾಪ" ಎಂದರು. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಕಿತ್ತು ಮತ್ತೆ ಕಟ್ಟು. ಒಂದು ವಾರ ಟೈಮು. ಆಗ್ಲೂ ಹಿಂಗೇ ಇದ್ರೆ ಫೇಲು."

ನಾಲ್ಕನೇ ದಿನಕ್ಕೆ ಹುಳು ಹಣ್ಣಾದವು. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಸೊಪ್ಪಿನ ಕೆಲಸವಿಲ್ಲ. ಅಕ್ಕ ಸೀದಾ ಕೊಟ್ಟಿಗೆಗೆ ಬಂದು ಎಮ್ಮೆಯ ಪಕ್ಕ ಕೂತಳು.

"ಕೊಡೇ ಸೂಜಿ. ನೀನ್ ಹೊಲ್ದಿರೋದು ನೋಡು, ಪುಸ್ತಕ ಕುಂಟ್ತಾ ಇದೆ."

ಅಕ್ಷರ ಬಾರದ ಅಕ್ಕ ಐದು ಪುಸ್ತಕ ಹೊಲಿದಳು. ಒಂದರ ಹಾಳೆಗಳನ್ನು ತಲೆಕೆಳಗಾಗಿ ಸೇರಿಸಿ, ನಾನು ಕಿರುಚಿಕೊಂಡಾಗ, "ತಿರುಗ್ಸಿ ಓದ್ಕೊಳ್ಳಿ, ಏನೀಗ?" ಎಂದು ಬಿಚ್ಚಿ ಮತ್ತೆ ಹೊಲಿದಳು. ಈ ಸಲ ತುತ್ತ ಹಾಕಿದ ಅಂಟು, ಇಬ್ಬರ ಬೆರಳೂ ನೀಲಿ.

ಮೇಷ್ಟ್ರು ಹತ್ತನ್ನೂ ತಿರುವಿ ನೋಡಿ, ಒಂದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ನೋಡ್ರಪ್ಪ, ಹೊಲಿಗೆ ಅಂದ್ರೆ ಇದು. ನನಗೂ ಬರಲ್ಲ ಹಿಂಗೆ." ಅದು ಅಕ್ಕ ಹೊಲಿದದ್ದು. ನಾನು ತಲೆ ತಗ್ಗಿಸಿ ನಿಂತೆ. ನಾಚಿಕೊಂಡಳು ಎಂದುಕೊಂಡರು ಎಲ್ಲರೂ.

"ಏನಂದ್ರೇ ನಿಮ್ಮ ಮೇಷ್ಟ್ರು?" ಎಂದಳು ಅಕ್ಕ ಸಂಜೆ.

"ಪಾಸು ಅಂದ್ರು."

ಅಷ್ಟೇ ಹೇಳಿದೆ. ಪೂರ್ತಿ ಹೇಳಿದ್ದರೆ ಅವಳು ಮೇಲೂರಿಗೆಲ್ಲ ಸಾರಿ ಬರುತ್ತಿದ್ದಳು, ಸುದ್ದಿ ಚಿಕ್ಕಬಳ್ಳಾಪುರ ಮುಟ್ಟಿ ಕೆಲಸ ಹೋಗುತ್ತದೆ ಎಂಬ ಭಯ. ಕಾಯಂ ಆಯಿತು, ನಿವೃತ್ತಿಯೂ ಆಯಿತು, ಭಯ ಎಂದೋ ಹೋಗಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ಇದ್ದೆ.